ಮೂರು ಫಿಲ್ಮು, ಒಂದು ಮುಖ

"ಇವೆರಡರಲ್ಲಿ ಸುಳ್ಳು ಹೇಳ್ತಿರೋದು ಯಾವುದು? ನೀವೇ ಹೇಳಿಬಿಡಿ, ನನ್ನ ತಲೆ ಕೆಟ್ಟುಹೋಗಿದೆ."

ಹೀಗೆಂದವನು ಎರಡು ಕಪ್ಪುಬಿಳುಪು ಫೋಟೊಗಳನ್ನು ಇಸ್ಪೀಟಿನ ಎಲೆ ಹಾಕಿದಂತೆ ಸ್ಟುಡಿಯೋದ ಗಾಜಿನ ಮೇಜಿನ ಮೇಲೆ ಹಾಕಿದ. ನಮಸ್ಕಾರವಿಲ್ಲ, ಪರಿಚಯವಿಲ್ಲ. ಡಾರ್ಕ್ ರೂಮಿನಿಂದ ಆಗಷ್ಟೇ ಹೊರಬಂದು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ ಗುಬ್ಬಿ, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಬಗ್ಗಿ ನೋಡಿದಳು.

ಎರಡರಲ್ಲೂ ಒಂದೇ ಬುಟ್ಟಿ. ಬುಟ್ಟಿಯಲ್ಲಿ ಸೊಪ್ಪು, ಸೊಪ್ಪಿನ ನಡುವೆ ಟೊಮೆಟೊ. ಒಂದರಲ್ಲಿ ಟೊಮೆಟೊ ಇದ್ದಿಲಿನ ಉಂಡೆಯಂತೆ ಕಪ್ಪಗಿತ್ತು. ಇನ್ನೊಂದರಲ್ಲಿ ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯಂತೆ ಬೆಳ್ಳಗಿತ್ತು.

"ಎರಡೂ ನಿಜಾನೇ ಹೇಳ್ತಿವೆ ರೀ. ಫಿಲ್ಮ್ ಬೇರೆ ಬೇರೆ ಅಷ್ಟೆ. ಇದಕ್ಕೆ ಕೆಂಪು ಕಾಣಲ್ಲ. ಕಾಣದಿದ್ದದ್ದೆಲ್ಲ ಅದಕ್ಕೆ ಕತ್ತಲು, ಅದಕ್ಕೇ ಟೊಮೆಟೊ ಕಪ್ಪು. ಇನ್ನೊಂದು ಕೆಂಪು ಕಂಡ್ರೆ ಹಿಗ್ಗಿ ಹೀರೆಕಾಯಿ ಆಗೋ ಜಾತಿ. ಅದಕ್ಕೇ ಬಿಳಿ."

"ಕೆಂಪು ಕಾಣದ ಫಿಲ್ಮ್ ಅಂತ ಒಂದಿದೆಯಾ?"

"ಇದೆ. ಹಳೇ ಕಾಲದ್ದು."

"ಪಾಪ," ಎಂದ ಅವನು, ಹತ್ತಿರದ ನೆಂಟರೊಬ್ಬರಿಗೆ ಹುಷಾರಿಲ್ಲವೆಂದು ಕೇಳಿದವನಂತೆ. ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿದ.

ಗುಬ್ಬಿ ಕಾದಳು.

ಹೊಸಬರು ಯಾರೇ ಮುಖ ನೋಡಿದರೂ ಅವಳು ಹೀಗೆ ಒಂದು ಕ್ಷಣ ಕಾಯುತ್ತಿದ್ದಳು. ಮೊದಲು ಅವರ ನೋಟ ಅವಳ ಕಣ್ಣಿಗೆ ಬರುತ್ತದೆ. ಅಲ್ಲಿಂದ ಎಡಗೆನ್ನೆಗೆ ಜಾರುತ್ತದೆ. ಅಲ್ಲಿ ಬೆಚ್ಚಿ, ಕದ್ದು ಸಿಕ್ಕಿಬಿದ್ದವರಂತೆ ಗಡಿಬಿಡಿಯಲ್ಲಿ ವಾಪಸು ಕಣ್ಣಿಗೆ ಓಡಿಬರುತ್ತದೆ. ಆ ದಾರಿ ಅವಳಿಗೆ ಬಾಯಿಪಾಠವಾಗಿತ್ತು.

ಈ ಮನುಷ್ಯನ ನೋಟ ಎಲ್ಲಿಗೂ ಜಾರಲಿಲ್ಲ. ಕಣ್ಣಲ್ಲೇ ನಿಂತಿತು. ಆರಾಮಾಗಿ, ಕುರ್ಚಿ ಎಳೆದುಕೊಂಡು ಕೂತವರಂತೆ.

"ಹಾಗಾದ್ರೆ ನಾನು ಒಂದು ಫಿಲ್ಮ್ ಆರಿಸ್ಕೋಬೇಕು ಅಂದ್ರೆ ಹೇಗೆ ಆರಿಸ್ಕೊಳ್ಳೋದು?" ಎಂದು ಅವನು ಕೇಳುತ್ತಿದ್ದ.

ಗುಬ್ಬಿಗೆ ಪ್ರಶ್ನೆ ಕೇಳಿಸಲೇ ಇಲ್ಲ. 'ಇವನು ಯಾಕೆ ನೋಡಲಿಲ್ಲ...?'

*

ಗುಬ್ಬಿಯ ಎಡಗೆನ್ನೆಯ ಮೇಲೆ, ಕಿವಿಯ ಬುಡದಿಂದ ತುಟಿಯ ಅಂಚಿನತನಕ, ಹುಟ್ಟಿನಿಂದ ಬಂದ ಕೆಂಪು ಮಚ್ಚೆಯಿತ್ತು. ನೋವಿಲ್ಲ, ಉರಿಯಿಲ್ಲ. ಇದ್ದದ್ದೆಲ್ಲ ನೋಡುವವರ ಉರಿ. ಬಸ್ಸಿನಲ್ಲಿ ಪಕ್ಕ ಕೂತವರು ಮುಲಾಮು ಹೇಳುತ್ತಿದ್ದರು. ಓರಗೆಯ ಗೆಳತಿಯರು ಗುಂಪು ಫೋಟೊದಲ್ಲಿ ಅವಳನ್ನು ಎಡತುದಿಗೆ ನಿಲ್ಲಿಸಿ, "ಸ್ವಲ್ಪ ಆ ಕಡೆ ತಿರುಗೇ, ಚೆನ್ನಾಗಿ ಬರುತ್ತೆ" ಎನ್ನುತ್ತಿದ್ದರು. ಊರಿಗೆಲ್ಲ ಫೋಟೊ ತೆಗೆಯುವ ಮನೆಯಲ್ಲಿ ಬೆಳೆದವಳ ನೇರ ಮುಖದ ಫೋಟೊ ಆ ಮನೆಯಲ್ಲಿ ಒಂದೂ ಇರಲಿಲ್ಲ.

ಸ್ಟುಡಿಯೋ ಚಿಕ್ಕಮ್ಮನದು. ತಾಯಿಯಿಲ್ಲದ ಗುಬ್ಬಿಯನ್ನು ಸಾಕಿ, ಕೆಲಸ ಕಲಿಸಿ, ಆ ಹೆಸರಿಟ್ಟು ಕರೆದವಳೂ ಅವಳೇ. ಮುಂದಿನ ಕೋಣೆ ಚಿಕ್ಕಮ್ಮನ ರಾಜ್ಯ: ಗಿರಾಕಿ, ದೀಪ, ಮಾತು. ಹಿಂದಿನ ಡಾರ್ಕ್ ರೂಮ್ ಗುಬ್ಬಿಯದು. ಅಲ್ಲಿ ಉರಿಯುವುದು ಕೆಂಪು ದೀಪ. ಕೆಂಪು ಬೆಳಕಿನಲ್ಲಿ ಕೆಂಪು ಮಚ್ಚೆ ಯಾರ ಕಣ್ಣಿಗೂ ಕಾಣುವುದಿಲ್ಲ. ಟ್ರೇಯ ನೀರಿನಲ್ಲಿ ಬಗ್ಗಿ ನೋಡಿಕೊಂಡರೆ ಅಲ್ಲಿರುವ ಮುಖದಲ್ಲಿ ಎರಡು ಕೆನ್ನೆಯೂ ಒಂದೇ ಸಮ. ಅವಳು ಆ ಕೋಣೆಯನ್ನು ಬಿಟ್ಟು ಹೊರಗೆ ಬರಲು ಯಾಕೆ ಅಷ್ಟು ಮೀನಮೇಷ ಎಣಿಸುತ್ತಿದ್ದಳೆಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಬಿಟ್ಟಿರಲಿಲ್ಲ. ಬೇರೆ ಎಲ್ಲ ವಿಷಯಕ್ಕೂ ಬಾಯಿಬಿಡುತ್ತಿದ್ದಳಾದ್ದರಿಂದ ಸರಿಹೋಗುತ್ತಿತ್ತು.

"ಯಾರು ಚಿಕ್ಕಮ್ಮ, ಆ ಟೊಮೆಟೊದವರು?" ಎಂದು ಅವತ್ತು ಊಟಕ್ಕೆ ಕೂತಾಗ ಕೇಳಿದಳು. ಆದಷ್ಟೂ ಸುಮ್ಮನೆ ಕೇಳಿದ ಹಾಗೆ.

"ತಿರುವಿನಲ್ಲಿ ಕನ್ನಡಕದ ಅಂಗಡಿ ಇಲ್ವಾ, ಅದರ ಯಜಮಾನ. ಅಕ್ಕ ತಮ್ಮ ಸೇರಿ ನಡೆಸ್ತಾರೆ. ಊರಿನ ಅರ್ಧ ಮೂಗಿನ ಮೇಲೆ ಇರೋದು ಅವನು ಕೂರಿಸಿದ ಕನ್ನಡಕಾನೇ. ಯಾಕೆ?"

"ಏನಿಲ್ಲ."

"ಏನಿಲ್ಲ ಅನ್ನೋಳು ಹುಳಿಗೆ ಉಪ್ಪು ಎರಡು ಸಲ ಹಾಕ್ಕೊಂಡೆ, ನೋಡ್ಕೋ."

*

ಮಾರನೆಯ ದಿನ ಅಂಗಡಿಯ ಮಧ್ಯಾಹ್ನದ ಬಿಡುವಿನಲ್ಲಿ ಅವನು ಮತ್ತೆ ಬಂದ. ಅದರ ಮಾರನೆಯ ದಿನವೂ. ಹೆಗಲಿಗೆ ಹಳೆಯ ಕ್ಯಾಮೆರಾ, ಬಾಯಿ ತುಂಬ ಪ್ರಶ್ನೆ. ಯಾವ ಫಿಲ್ಮ್ ತನ್ನದೆಂದು ತೀರ್ಮಾನವಾಗಬೇಕು, ಆದಮೇಲೆ ಬದುಕಿಡೀ ಅದೊಂದೇ ಸಾಕು ಎಂಬುದು ಅವನ ಹಟ.

ಚಿಕ್ಕಮ್ಮ ಕಪಾಟಿನಿಂದ ಮೂರು ಬಗೆಯ ಫಿಲ್ಮ್ ತೆಗೆದು ಮೇಜಿನ ಮೇಲಿಟ್ಟಳು. ಕಂಪನಿಯವರು ಕೊಟ್ಟ ಹೆಸರುಗಳು ಅವಳ ನಾಲಿಗೆಯ ಮೇಲೆ ಹೊರಳುತ್ತಿರಲಿಲ್ಲ. ಅದಕ್ಕೆ ಅವಳದೇ ನಾಮಕರಣ ಇತ್ತು.

"ಇದು ಅಜ್ಜ. ಮುದುಕ, ನಿಧಾನ, ಕೆಂಪು ಒಂದು ಚೂರೂ ಕಾಣಲ್ಲ. ಇದು ಗುಮಾಸ್ತ. ಎದುರಿಗೆ ಇದ್ದದ್ದನ್ನ ಇದ್ದ ಹಾಗೆ ಬರ್ಕೊಳ್ತಾನೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇನ್ನು ಇವನು ಮದುವೆ ದಲ್ಲಾಳಿ."

"ದಲ್ಲಾಳಿ ಯಾಕೆ?"

"ಮುಖದ ಮೇಲಿನ ಮೊಡವೆ ಗಿಡವೆ ಎಲ್ಲ ಮುಚ್ಚಿಹಾಕಿ, ಹುಡುಗಿ ಹಾಲಿನ ಕೆನೆ ಅಂತಾನೆ. ಕೆಂಪನ್ನೆಲ್ಲ ಬಿಳಿ ಮಾಡೋನು. ನಿಂಗೂ ಬೇಕಾಗಬಹುದಪ್ಪ, ಇಟ್ಕೊ."

ಅವನು ನಕ್ಕ. ಗುಬ್ಬಿ ನಗಲಿಲ್ಲ, ಆದರೆ ನಗು ಗಂಟಲಿಗೆ ಬಂದಿತ್ತು.

ಹೋಲಿಕೆ ಶುರುವಾಯಿತು. ಬೀದಿಯ ಕೊನೆಯಲ್ಲಿ ಹಸಿರು ಬೇಲಿಗೆ ಆನಿಸಿ ನಿಲ್ಲಿಸಿದ ಕೆಂಪು ಅಂಚೆಡಬ್ಬ. ಅದನ್ನು ಅವನು ಅಜ್ಜನಲ್ಲಿ ತೆಗೆದ, ಗುಮಾಸ್ತನಲ್ಲಿ ತೆಗೆದ, ದಲ್ಲಾಳಿಯಲ್ಲಿ ತೆಗೆದ. ದಾಸವಾಳದ ಗಿಡ, ಮೂರರಲ್ಲೂ. ತರಕಾರಿಯವಳ ತಳ್ಳುಗಾಡಿ, ಮೂರರಲ್ಲೂ. ಗುಬ್ಬಿ ತೊಳೆದು ಪ್ರಿಂಟ್ ಹಾಕಿಕೊಡುವಳು. ಒಣಹಾಕಿದ ಪ್ರಿಂಟುಗಳ ಮುಂದೆ ಇಬ್ಬರೂ ನಿಂತು ವಾದ ಮಾಡುವರು.

"ನಿಮ್ಗೆ ಯಾವುದು ಇಷ್ಟ?" ಅವನ ಪ್ರಶ್ನೆ.

"ದಾಸವಾಳಕ್ಕೆ ಅಜ್ಜ. ಕಪ್ಪು ಹೂವು, ಬೆಳ್ಳನೆಯ ಎಲೆ... ಯಾವುದೋ ಹೊಸ ಲೋಕದ ಗಿಡದ ಹಾಗಿಲ್ವಾ? ನಿಮ್ಗೆ?"

"ಗುಮಾಸ್ತ."

"ಇದಾ? ಇದರಲ್ಲಿ ಹೂವೇ ಕಾಣಲ್ವಲ್ರೀ. ಎಲೆ ಹೂವು ಎರಡೂ ಒಂದೇ ಬೂದಿ ಬಣ್ಣ. ಹುಡುಕ್ಕೋಬೇಕು."

"ಹುಡುಕಿದ್ರೆ ಸಿಗುತ್ತಲ್ಲ," ಎಂದ ಅವನು. "ಇದು... ನಂಬಿಕೆಗೆ ಯೋಗ್ಯವಾಗಿದೆ ಅನ್ಸುತ್ತೆ."

ಅಂಚೆಡಬ್ಬಕ್ಕೂ ಅವನು ಆರಿಸಿದ್ದು ಗುಮಾಸ್ತನನ್ನೇ. ಡಬ್ಬ ಬೇಲಿಯೊಳಗೆ ಕರಗಿಹೋಗಿತ್ತು. ತಳ್ಳುಗಾಡಿಗೂ ಅದೇ. ಟೊಮೆಟೊ, ಮೆಣಸಿನಕಾಯಿ ಎಲ್ಲ ಒಂದೇ ರಾಶಿ. 'ಕಣ್ಣಿನ ಅಂಗಡಿ ಇಟ್ಟವರಿಗೆ ಇದೆಂಥ ರುಚಿ...' ಎಂದು ಅವಳಿಗೆ ಸೋಜಿಗ.

ಆದರೆ ಕಲಿಯುವ ಆಸೆ ಮಾತ್ರ ಅವನಿಗೆ ಬೆಟ್ಟದಷ್ಟಿತ್ತು. ಡಾರ್ಕ್ ರೂಮಿಗೂ ಬಂದ. ಚಿಕ್ಕಮ್ಮ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು, "ನಾನು ಇಲ್ಲೇ ಇದೀನಿ, ಏನೂ ಕೇಳಿಸ್ಕೊಳ್ತಿಲ್ಲ" ಎಂದು ಆಗಾಗ ಕೂಗಿ ಹೇಳುತ್ತಿದ್ದಳು. ಗುಬ್ಬಿ ಅವನಿಗೆ ಚಿತ್ರ ಮೂಡಿಸುವ ಡೆವಲಪರ್ ಕಲಸುವುದನ್ನು ಕಲಿಸಿದಳು, ಮೂಡಿದ್ದನ್ನು ಅಳಿಯದಂತೆ ನಿಲ್ಲಿಸುವ ಹೈಪೊದ ವಾಸನೆ ಹಿಡಿಯುವುದನ್ನು ಕಲಿಸಿದಳು.

"ಫಿಲ್ಮ್ ಹಾಳೆ ಅದ್ದಿದ ತಕ್ಷಣ ಮೇಲೆ ಒಂದ್ಸಲ ಬೆರಳಾಡಿಸ್ಬೇಕು. ಇಲ್ದಿದ್ರೆ ಗಾಳಿ ಗುಳ್ಳೆ ಕೂತ್ಕೊಳ್ಳುತ್ತೆ. ಗುಳ್ಳೆ ಕೂತ ಜಾಗಕ್ಕೆ ಡೆವಲಪರ್ ತಾಗಲ್ಲ. ನೆಗೆಟಿವ್‌ನಲ್ಲಿ ಅಲ್ಲಿ ಖಾಲಿ, ಪ್ರಿಂಟ್‌ನಲ್ಲಿ ಅಲ್ಲಿ ಕಪ್ಪು ಕಲೆ."

"ನಿಮ್ಗೆ ಯಾವತ್ತಾದ್ರೂ ಗುಳ್ಳೆ ಕೂತಿದೆಯಾ?"

"ನನ್ನ ಕೈಲಾ? ಕೇಳಿ ನೋಡಿ ಚಿಕ್ಕಮ್ಮನ್ನ."

"ಇಲ್ಲಪ್ಪ, ಅವಳ ಕೈಲಿ ಕೂತಿಲ್ಲ," ಎಂದಿತು ಏನೂ ಕೇಳಿಸಿಕೊಳ್ಳದ ಸ್ಟೂಲು.

ಹೊರಗೆ ಹಗಲು ಬೆಳಕಿನಲ್ಲೂ ಅವನ ನೋಟ ಬದಲಾಗಲಿಲ್ಲ. ಅದೇ ಗುಬ್ಬಿಯ ನಿದ್ದೆ ಕೆಡಿಸಿತ್ತು. ಕಂಡೂ ಕಾಣದಂತೆ ಇರುವ ಸಂಭಾವಿತನೇ? ಆದರೆ ಸಂಭಾವಿತರು ಅವಳಿಗೆ ಬೇಕಾದಷ್ಟು ಗೊತ್ತು. ಅವರು ನೋಡದೆ ಇರಲು ಪಡುವ ಕಷ್ಟವೇ ಮುಖದ ಮೇಲೆ ಬರೆದಿರುತ್ತದೆ. ಇವನ ಮುಖದಲ್ಲಿ ಆ ಕಷ್ಟವಿಲ್ಲ. ಅವಳು ನಕ್ಕರೆ ನಗುತ್ತಾನೆ. ತಪ್ಪು ಹೇಳಿದರೆ ಹುಬ್ಬೇರಿಸುತ್ತಾನೆ. ಗೋಡೆಯ ಕಡೆ ತಿರುಗಿ ಮಾತಾಡುವ ಅಭ್ಯಾಸವನ್ನು ಅವಳು ಯಾವಾಗ ಬಿಟ್ಟಳೋ ಅವಳಿಗೇ ಗೊತ್ತಾಗಲಿಲ್ಲ.

'ಇವನೊಬ್ಬನಿಗೆ ಅದು ಲೆಕ್ಕಕ್ಕೇ ಇಲ್ಲ...' ಎಂದು ಒಂದು ದಿನ ಅಂದುಕೊಂಡಳು. ಅಂದುಕೊಂಡ ಗಳಿಗೆಯಿಂದ ಅವನ ಹೆಜ್ಜೆ ಸಪ್ಪಳಕ್ಕೆ ಕಿವಿ ಕಾಯತೊಡಗಿತು.

*

"ತರಕಾರಿ ಸಾಕಾಯ್ತು. ಇನ್ನು ಮುಖ ಬೇಕು," ಎಂದ ಅವನು ಒಂದು ಮಧ್ಯಾಹ್ನ. "ಮೂರು ಫಿಲ್ಮ್, ಒಂದೇ ಮುಖ. ನೀವು ಕೂತ್ಕೊಳ್ತೀರಾ?"

ಚಿಕ್ಕಮ್ಮನ ಕೈಯಲ್ಲಿದ್ದ ಕತ್ತರಿ ನಿಂತಿತು. ಗುಬ್ಬಿ ಇಲ್ಲ ಎನ್ನುತ್ತಾಳೆಂದು ಆಕೆ ಉಸಿರು ಹಿಡಿದು ಕಾದಳು.

"ಕೂತ್ಕೊಳ್ತೀನಿ," ಎಂದಳು ಗುಬ್ಬಿ.

ಮುಂದಿನ ಕೋಣೆಯ ದೊಡ್ಡ ಸ್ಟ್ಯಾಂಡ್ ಕ್ಯಾಮೆರಾ. ಎಷ್ಟೋ ಮದುಮಕ್ಕಳು, ಎಷ್ಟೋ ಕೂಸುಗಳು ಕೂತ ಸ್ಟೂಲು. ಅದರ ಮೇಲೆ ಅವಳು ಮೊದಲ ಸಲ ಕೂತಳು. ಅವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, "ಸ್ವಲ್ಪ ಇತ್ತ... ಇನ್ನೂ ಇತ್ತ... ಹಾಂ, ನೇರ ನನ್ನ ಕಡೆ" ಎಂದ. ಬದುಕಿನಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಎಲ್ಲರೂ ಹೇಳಿದ್ದು ಆ ಕಡೆ ತಿರುಗು ಎಂದೇ.

ಅವಳು ನೇರ ನೋಡಿದಳು. ಅಜ್ಜ, ಗುಮಾಸ್ತ, ದಲ್ಲಾಳಿ. ಮೂರು ಸಲ ಕ್ಲಿಕ್ಕಾಯಿತು.

ಗುಮಾಸ್ತ, ದಲ್ಲಾಳಿ ಎರಡನ್ನೂ ಪೂರ್ತಿ ಕತ್ತಲಲ್ಲಿ ತೊಳೆಯಬೇಕು. ಅಜ್ಜನಿಗೆ ಕೆಂಪು ಕಾಣದ ಕಾರಣ ಕೆಂಪು ದೀಪದಲ್ಲೇ ತೊಳೆಯಬಹುದು, ಮೂಡುವುದನ್ನು ಕಣ್ಣಾರೆ ನೋಡಬಹುದು. "ಅದನ್ನೇ ಮೊದಲು ತೊಳೆಯೋಣ, ನಂಗೆ ನೋಡ್ಬೇಕು," ಎಂದು ಅವನು ಹಿಂದೆಯೇ ಬಂದ. ಟ್ರೇಯ ಮೇಲೆ ಎರಡು ತಲೆ ಬಗ್ಗಿದವು. ಹೈಪೊದಿಂದ ಎತ್ತಿ, ನೀರಲ್ಲಿ ಜಾಲಾಡಿ, ಗುಬ್ಬಿ ಬಿಳಿ ದೀಪ ಹಾಕಿದಳು. ಅವನು ನೆಗೆಟಿವನ್ನು ಬೆಳಕಿಗೆ ಹಿಡಿದ.

ಅವನ ಹುಬ್ಬು ಗಂಟಾಯಿತು.

"ಅಯ್ಯೋ... ಹಾಳಾಯ್ತಲ್ರೀ. ಗುಳ್ಳೆ ಕೂತಿದೆ ನೋಡಿ, ಸರಿಯಾಗಿ ಕೆನ್ನೆ ಮೇಲೆ. ಎಷ್ಟು ದೊಡ್ಡದು! ನಿಮ್ಮ ಕೈಲೂ ಕೂತಿತು ಅಂತಾಯ್ತು." ಅವನು ನಗುತ್ತಿದ್ದ. "ಮುಖಾನೇ ಕೆಡಿಸಿಬಿಟ್ಟಿದೆ. ಇದನ್ನ ಎಸೆದುಬಿಡಿ, ಇನ್ನೊಂದು ತೆಗೆಯೋಣ."

ಗುಬ್ಬಿಯ ಕೈಯಿಂದ ಚಿಮಟ ಟ್ರೇಗೆ ಬಿತ್ತು.

ಬಸ್ಸಿನವರ ಮುಲಾಮು ಸಹಿಸಿದ್ದಳು. ಗೆಳತಿಯರ ಎಡತುದಿ ಸಹಿಸಿದ್ದಳು. ಹೀಗೆ ನಗುತ್ತ, ತಾನೇ ಕಲಿಸಿಕೊಟ್ಟ ಮಾತಿನಲ್ಲೇ ತನ್ನ ಮುಖಕ್ಕೆ ಕಲೆಯೆಂದು, ಕೆಟ್ಟದ್ದೆಂದು, ಎಸೆಯಬೇಕಾದದ್ದೆಂದು ಹೆಸರಿಟ್ಟವರು ಯಾರೂ ಇರಲಿಲ್ಲ. ಇಷ್ಟು ದಿನ ಇವನು ಬಚ್ಚಿಟ್ಟುಕೊಂಡಿದ್ದು ಇದನ್ನೇನಾ...?

"ನೀವು ಹೊರಡಿ."

"ಏನಾಯ್ತು?"

"ನಾಳೆಯಿಂದ ಫಿಲ್ಮ್ ಬೇರೆ ಕಡೆ ತೊಳೆಸ್ಕೊಳ್ಳಿ. ಹೊರಡಿ ಅಂದೆ."

ಅವನು ನೆಗೆಟಿವನ್ನು ಮೆಲ್ಲನೆ ಹಗ್ಗಕ್ಕೆ ಸಿಕ್ಕಿಸಿ ಹೊರಟ. ಬಾಗಿಲಾಚೆ ಸ್ಟೂಲಿನ ಸದ್ದಾಯಿತು. ಗುಬ್ಬಿ ಬಿಳಿ ದೀಪ ಆರಿಸಿ, ಕೆಂಪು ದೀಪ ಹಾಕಿಕೊಂಡು, ಗೋಡೆಗೆ ಒರಗಿ ಕೂತು ಅತ್ತಳು.

*

"ಅವನಿಗೇನಂದೆಯೇ? ಹರಳೆಣ್ಣೆ ಕುಡಿದೋನ ಹಾಗೆ ಮುಖ ಮಾಡ್ಕೊಂಡು ಹೋದ."

"ಅವನ ಸುದ್ದಿ ಬೇಡ ಚಿಕ್ಕಮ್ಮ."

ಸುದ್ದಿ ಬೇಡವೆಂದರೂ ಸುದ್ದಿ ತಾನಾಗಿ ಬರುತ್ತಿತ್ತು. ದಿನಾ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಅವನ ಧ್ವನಿ, ಚಿಕ್ಕಮ್ಮನ ಧ್ವನಿ, ಆಮೇಲೆ ಬಾಗಿಲು ಹಾಕಿದ ಸದ್ದು. ಗುಬ್ಬಿ ಡಾರ್ಕ್ ರೂಮಿನ ಚಿಲಕ ತೆಗೆಯಲಿಲ್ಲ.

ಕೊನೆಗೊಮ್ಮೆ ಚಿಕ್ಕಮ್ಮ ಬಾಗಿಲು ತಟ್ಟಿದಳು. "ನೋಡು, ನಾನು ಗಂಟೆ ಹೊಡೆಯೋಳು ಮಾತ್ರ, ಪೂಜೆ ನಂದಲ್ಲ. ಅವನು ಹೇಳು ಅಂದದ್ದನ್ನ ಹೇಳ್ತೀನಿ. ನಿನ್ನ ಕೈಕೆಲಸಕ್ಕೆ ಹೆಸರಿಟ್ಟನಂತೆ. ಎಂಥೆಂಥವರಿಗೂ ಒಂದ್ಸಲ ಗುಳ್ಳೆ ಕೂತೇ ಕೂರುತ್ತೆ, ಅದಕ್ಕೆ ನಕ್ಕಿದ್ದು ತಪ್ಪಾಯ್ತಂತೆ. ಅವನ ಅಂಗಡಿ ಗಾಜಿಗೂ ಎಷ್ಟೋ ಸಲ ಗೀರು ಬಿದ್ದಿದೆಯಂತೆ. ಕ್ಷಮಿಸ್ಬೇಕಂತೆ."

ಗುಬ್ಬಿ ಬಾಗಿಲು ತೆರೆದಳು. "ಏನಂದ?"

"ಗುಳ್ಳೆ ಅಂದ ಕಣೇ. ಏನು ಗುಳ್ಳೆಯೋ, ಏನು ಕ್ಷಮೆಯೋ, ನಾನೇನೂ ಕೇಳಿಸ್ಕೊಳ್ಳೋಳಲ್ವಲ್ಲ, ನಂಗಂತೂ ಬುಡ ಗೊತ್ತಿಲ್ಲ, ತುದಿ ಗೊತ್ತಿಲ್ಲ."

ಗುಬ್ಬಿ ಅಲ್ಲೇ ನಿಂತಳು. ಹೀಯಾಳಿಸಿದವನು ಕೈಕೆಲಸಕ್ಕಾಗಿ ಕ್ಷಮೆ ಕೇಳುತ್ತಾನೆಯೇ? ಅಂದರೆ ಅದು ಗುಳ್ಳೆಯೆಂದೇ ಅವನು ನಿಜವಾಗಿ ನಂಬಿದ್ದಾನೆ. ಎದುರಿಗೇ ನಿಂತವಳ ಕೆನ್ನೆಯಲ್ಲಿ ಅದೇ ಜಾಗದಲ್ಲಿ ಅದೇ ಆಕಾರ ಇರುವಾಗ... ಹೇಗೆ?

ನೋವು ಒಂದು ಕಡೆ ಸರಿಯಿತು. ಕುತೂಹಲ ಎದ್ದು ಕೂತಿತು.

ಅವಳು ಅವನ ಪ್ರಿಂಟುಗಳನ್ನೆಲ್ಲ ಒಣಹಾಕುವ ಮೇಜಿನ ಮೇಲೆ ಹರಡಿದಳು. ಟೊಮೆಟೊ, ಅಂಚೆಡಬ್ಬ, ದಾಸವಾಳ, ತಳ್ಳುಗಾಡಿ. ಅವನು ಆರಿಸಿದ್ದನ್ನೆಲ್ಲ ಒಂದು ಸಾಲಿನಲ್ಲಿಟ್ಟಳು. ಎಲ್ಲ ಗುಮಾಸ್ತ. ಎಲ್ಲದರಲ್ಲೂ ಕೆಂಪು ಮತ್ತು ಹಸಿರು ಒಂದೇ ಬೂದಿ. ಎಲ್ಲರಿಗೂ ಸಪ್ಪೆ ಅನಿಸುವ ಫೋಟೊ. ಅವನಿಗೆ ಮಾತ್ರ ನಂಬಿಕೆಗೆ ಯೋಗ್ಯ.

ಯಾಕೆಂದರೆ ಅವನು ಕಾಣುವ ಲೋಕದಲ್ಲಿ ಟೊಮೆಟೊ ಸೊಪ್ಪಿನೊಳಗೆ ನಿಜವಾಗಿಯೂ ಕರಗಿಹೋಗಿದೆ.

ಗುಬ್ಬಿಯ ಕೈ ತಾನಾಗಿ ಕೆನ್ನೆಗೆ ಹೋಯಿತು. 'ಹಾಗಾದ್ರೆ ಇದೂನು...'

ಅವಳು ಒಳಗೆ ಹೋಗಿ ಕತ್ತಲು ಮಾಡಿ, ಬೆಳಕು ತಾಗದಂತೆ ಮುಚ್ಚಿಟ್ಟಿದ್ದ ಉಳಿದೆರಡು ಫಿಲ್ಮ್ ಹಾಳೆಗಳನ್ನು ತೊಳೆದಳು.

*

ಕನ್ನಡಕದ ಅಂಗಡಿಗೆ ಅವಳು ಹೋದದ್ದು ಮಾರನೆಯ ಮಧ್ಯಾಹ್ನ. ಗೋಡೆ ತುಂಬ ಕನ್ನಡಿ. ಯಾವ ಕಡೆ ತಿರುಗಿದರೂ ತನ್ನದೇ ಎಡಗೆನ್ನೆ. ಅವನು ಮೇಜಿನ ಹಿಂದೆ ಒಂದು ಪುಟ್ಟ ಸ್ಕ್ರೂ ತಿರುಗಿಸುತ್ತಿದ್ದವನು ಎದ್ದು ನಿಂತ. ಸ್ಕ್ರೂ ಉರುಳಿಹೋಯಿತು.

"ಬಂದ್ರಾ... ನಾನು ಅವತ್ತು..."

"ಮಾತು ಆಮೇಲೆ. ಒಂದು ಕನ್ನಡಕದ ಡಬ್ಬಿ ಬೇಕು." ಮೇಜಿನ ಮೇಲಿದ್ದ ಎರಡು ಡಬ್ಬಿಗಳನ್ನು ಅವಳು ಮುಂದೆ ತಳ್ಳಿದಳು. ಒಂದೇ ಅಳತೆ, ಒಂದೇ ತಯಾರಿ; ಒಂದು ಕೆಂಪು, ಇನ್ನೊಂದು ಹಸಿರು. "ಇವೆರಡರಲ್ಲಿ ಕೆಂಪು ಕೊಡಿ."

ಅವನು ಒಂದನ್ನು ನೋಡಿದ. ಇನ್ನೊಂದನ್ನು ನೋಡಿದ. ಕೈ ಮುಂದೆ ಬಂದು ನಿಂತಿತು. ಒಳಬಾಗಿಲ ಕಡೆ ತಿರುಗಿ, "ಅಕ್ಕಾ..." ಎಂದ. ಉತ್ತರವಿಲ್ಲ.

"ಅಕ್ಕ ಊಟಕ್ಕೆ ಹೋಗಿದಾಳೆ," ಎಂದ ಸಣ್ಣ ದನಿಯಲ್ಲಿ. "ಅವಳು ಬಂದ್ಮೇಲೆ ಕೊಟ್ರೆ ಆಗುತ್ತಾ?"

ಗುಬ್ಬಿ ಎರಡೂ ಡಬ್ಬಿಗಳನ್ನು ಅವನ ಇನ್ನೂ ಹತ್ತಿರಕ್ಕೆ ತಳ್ಳಿದಳು. ಅವನು ಕುರ್ಚಿಯಲ್ಲಿ ಕುಸಿದ.

"ಗೊತ್ತಾಗಿಹೋಯ್ತಾ?"

"ಹುಟ್ಟಿದಾಗಿಂದಲಾ?"

"ಹೂಂ. ಕೆಂಪು, ಹಸಿರು ಎರಡೂ ನಂಗೆ ಒಂದೇ. ಫ್ರೇಮೆಲ್ಲ ಅಕ್ಕನೇ ಜೋಡಿಸಿಡ್ತಾಳೆ, ಎಡಕ್ಕೆ ಇಂಥದ್ದು, ಬಲಕ್ಕೆ ಇಂಥದ್ದು ಅಂತ. ಊರಿಗೆ ಗೊತ್ತಾದ್ರೆ ಯಾರು ಬರ್ತಾರೆ ಹೇಳಿ, ಕಣ್ಣು ಸರಿಯಿಲ್ಲದೋನ ಹತ್ರ ಕಣ್ಣು ಸರಿಮಾಡಿಸ್ಕೊಳ್ಳೋಕೆ? ನಿಮ್ಮ ಅಜ್ಜನ ವಿಷಯ ಕೇಳಿದಾಗ ನಂಗೆ ಎಂಥ ಖುಷಿ ಆಯ್ತು ಗೊತ್ತಾ... ನಮ್ಮ ಕುಲದವನು ಒಬ್ಬ ಸಿಕ್ಕಿದ ಅಂತ." ಅವನು ಡಬ್ಬಿಗಳನ್ನು ಸುಮ್ಮನೆ ಅತ್ತಿತ್ತ ಸರಿಸಿದ. "ನಿಮ್ಗೆ ಹೇಗೆ ಗೊತ್ತಾಯ್ತು?"

"ಅದು ಗುಳ್ಳೆ ಅಲ್ಲ ರೀ."

"ಯಾವುದು?"

"ಗುಳ್ಳೆ ಗುಂಡಗಿರುತ್ತೆ." ಅವಳು ಮುಖ ತಿರುಗಿಸಲಿಲ್ಲ. "ಅದು ನನ್ನ ಕೆನ್ನೆ. ಹುಟ್ಟಿದಾಗಿಂದ ಕೆಂಪು ಮಚ್ಚೆ ಇದೆ. ಇಷ್ಟಗಲ. ಅಜ್ಜನಿಗೆ ಕೆಂಪು ಕಾಣಲ್ವಲ್ಲ, ಅದಕ್ಕೇ ಕಪ್ಪಾಗಿ ಹಿಡಿದಿದ್ದಾನೆ. ನಿಮ್ಗೆ ಕಾಣದೇ ಇದ್ದದ್ದು ಅದು."

ಅವನ ಮುಖದ ಬಣ್ಣ ಇಳಿಯಿತು.

"ನಾನು... ಎಸೆದುಬಿಡಿ ಅಂದೆ."

"ಹೂಂ."

"ಮುಖ ಕೆಡಿಸಿದೆ ಅಂದೆ."

"ಅಂದ್ರಿ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಗುಬ್ಬಿ ಕಾದಳು. ಈ ಸಲದ ಕಾಯುವಿಕೆ ಬೇರೆ. ಇಷ್ಟು ದಿನ ನೆಮ್ಮದಿಯಿಂದ ನಿಂತಿದ್ದ ನೋಟ, ಗೊತ್ತಾದಮೇಲೆ ಎಲ್ಲರಂತೆ ಜಾರುತ್ತದೆಯೋ? ಜಾರಿದರೆ ಅವಳಿಗೆ ಆ ಕೆಂಪು ದೀಪದ ಕೋಣೆಯೇ ಗತಿ, ಇನ್ನು ಯಾವತ್ತೂ.

ಅವನು ಕೈ ತೆಗೆದ. ಕೇಳಿದ್ದು ಇಷ್ಟೇ: "ಆ ನೆಗೆಟಿವ್ ಎಸೆದಿಲ್ಲ ತಾನೆ?"

"ಇಲ್ಲ."

"ಪ್ರಿಂಟ್ ಹಾಕ್ಕೊಡ್ತೀರಾ? ಈಗಲೇ?"

ಅವನು ಅಂಗಡಿಯ ಬಾಗಿಲು ಎಳೆದ. ಅರ್ಧ ದಾರಿಯಲ್ಲಿ ಊಟ ಮುಗಿಸಿ ಬರುತ್ತಿದ್ದ ಅಕ್ಕ ಎದುರಾಗಿ, "ಎಲ್ಲಿಗೋ?" ಎಂದರೆ, "ಕನ್ನಡಕ ಬದಲಾಯಿಸ್ಕೊಳ್ಳೋಕೆ" ಎಂದುಬಿಟ್ಟ. ಅಕ್ಕ ಬೀದಿಯಲ್ಲಿ ಬಾಯಿ ತೆರೆದು ನಿಂತಳು. ತಮ್ಮ ಹುಟ್ಟಿದ ಮೇಲೆ ಕನ್ನಡಕ ಹಾಕಿದವನೇ ಅಲ್ಲ.

*

ಮೂರು ಪ್ರಿಂಟುಗಳು ಕಿಟಕಿಯ ಪಕ್ಕದ ಮೇಜಿನ ಮೇಲೆ ಒದ್ದೆಯಾಗಿ ಹೊಳೆಯುತ್ತಿದ್ದವು. ಚಿಕ್ಕಮ್ಮ ಒಮ್ಮೆ ಇಣುಕಿ, ಮೂರರಲ್ಲೂ ನೇರ ನೋಡುತ್ತಿದ್ದ ಗುಬ್ಬಿಯನ್ನು ಕಂಡು, ಮೂಗು ಒರೆಸಿಕೊಳ್ಳುತ್ತ ಮುಂದಿನ ಕೋಣೆಗೆ ಹೋಗಿಬಿಟ್ಟಿದ್ದಳು. ಏನೂ ಹೇಳದೆ. ಅದೇ ಒಂದು ವಿಶೇಷ.

ದಲ್ಲಾಳಿಯಲ್ಲಿ ಕೆನ್ನೆ ಹಾಲಿನ ಕೆನೆ. ಗುಮಾಸ್ತನಲ್ಲಿ ಹುಡುಕಿದರಷ್ಟೇ ಸಿಗುವ ಒಂದು ಮಬ್ಬು ನೆರಳು. ಅಜ್ಜನಲ್ಲಿ ಕಿವಿಯಿಂದ ತುಟಿಯವರೆಗೆ ಕಪ್ಪಗೆ, ಸ್ಪಷ್ಟವಾಗಿ, ಅಂಚು ಸಮೇತ ಮಚ್ಚೆ.

"ಆರಿಸಿ," ಎಂದಳು ಗುಬ್ಬಿ. "ಬದುಕಿಡೀ ಒಂದೇ ಸಾಕು ಅಂದಿದ್ರಲ್ಲ."

ಅವನು ದಲ್ಲಾಳಿಯನ್ನು ಬೋರಲು ಹಾಕಿದ. ಅಜ್ಜನನ್ನು ಕೈಗೆತ್ತಿಕೊಂಡ. "ಇದನ್ನ ನಿಮ್ಮ ಮುಖದ ಪಕ್ಕ ಹಿಡಿಯಲಾ?"

ಅವಳು ಕಿಟಕಿಯ ಬೆಳಕಿಗೆ ಮುಖವೊಡ್ಡಿದಳು. ಅವನು ಫೋಟೊ ನೋಡಿದ, ಕೆನ್ನೆ ನೋಡಿದ, ಮತ್ತೆ ಫೋಟೊ ನೋಡಿದ. ಅಪರಿಚಿತ ಊರಿನಲ್ಲಿ ನಕ್ಷೆ ಹಿಡಿದು ಬೀದಿ ಹುಡುಕುವವನಂತೆ. ಯಾರೂ ಅವಳ ಕೆನ್ನೆಯನ್ನು ಇಷ್ಟು ಹೊತ್ತು, ಇಷ್ಟು ಆಸಕ್ತಿಯಿಂದ, ಬೆಚ್ಚದೆ ನೋಡಿರಲಿಲ್ಲ. ಅವನ ಬೆರಳು ಗಾಳಿಯಲ್ಲಿ ಅಂಚನ್ನು ಹಿಂಬಾಲಿಸಿತು.

"ಇಲ್ಲಿ ಶುರು... ಇಲ್ಲಿ ಒಳಗೆ ತಿರುಗುತ್ತೆ... ಹಾಂ, ಸಿಕ್ತು. ಈಗ ಒಂಚೂರು ಕಾಣ್ತಿದೆ. ಎಲ್ಲಿ ನೋಡ್ಬೇಕು ಅಂತ ಗೊತ್ತಾದ್ರೆ ಕಾಣುತ್ತೆ." ಆಮೇಲೆ ಪ್ರಶ್ನೆಗಳು ಸಾಲುಗಟ್ಟಿ ಬಂದವು. "ಮುಟ್ಟಿದ್ರೆ ಗೊತ್ತಾಗುತ್ತಾ?"

"ಇಲ್ಲ."

"ಬಿಸಿಲಿಗೆ ಹೆಚ್ಚಾಗುತ್ತಾ?"

"ಸ್ವಲ್ಪ."

"ನಿಮ್ಗೆ ಅದನ್ನ ಕಂಡ್ರೆ ಹೇಗನ್ಸುತ್ತೆ?"

ಗುಬ್ಬಿ ಗುಮಾಸ್ತನ ಪ್ರಿಂಟನ್ನು ತನ್ನ ಕಡೆ ಎಳೆದುಕೊಂಡಳು. ನೋಡಿದವರು ಸಾವಿರ. ಕೇಳಿದವನು ಇವನೊಬ್ಬ.

"ನಂಗೆ ಗುಮಾಸ್ತನ ಫೋಟೊ ಇಷ್ಟ," ಎಂದಳು. "ನೀವು ನನ್ನನ್ನ ಇಷ್ಟು ದಿನ ಹೀಗೆ ನೋಡ್ತಿದ್ರಿ ಅಂತ ಗೊತ್ತಾಯ್ತು. ಅದಕ್ಕೇ ಭಯಾನೂ ಆಗುತ್ತೆ. ಕಾಣಲಿಲ್ಲ ಅಂತಲೇ ಇಷ್ಟಪಟ್ರೇನೋ..."

"ಇಷ್ಟಪಟ್ಟಿದೀನಿ ಅಂತ ನಾನಿನ್ನೂ ಹೇಳೇ ಇಲ್ಲ."

"ಹೇಳ್ಬೇಡಿ ಹಾಗಾದ್ರೆ."

"ಹೇಳ್ತೀನಿ. ಇಷ್ಟಪಟ್ಟಿದೀನಿ. ಗುಳ್ಳೆ ಪಾಠ ಹೇಳ್ಕೊಟ್ಟ ದಿನದಿಂದ." ಅವನು ಅಜ್ಜನ ಫೋಟೊವನ್ನು ಎದೆಗೆ ಒತ್ತಿಕೊಂಡ. ಅಂಗಿ ಒದ್ದೆಯಾದದ್ದು ಅವನಿಗೆ ತಿಳಿಯಲಿಲ್ಲ. "ಆದ್ರೆ ನಂಗೆ ಅಜ್ಜನೇ ಬೇಕು. ನಂಗೆ ಕಾಣೋದನ್ನೇ ಮತ್ತೆ ತೋರಿಸೋ ಗುಮಾಸ್ತನ್ನ ಇಟ್ಕೊಂಡು ಏನ್ಮಾಡ್ಲಿ? ನಿಮ್ಮ ಮುಖದಲ್ಲಿ ನಂಗೆ ಗೊತ್ತಿಲ್ಲದೇ ಇದ್ದದ್ದನ್ನ ತೋರಿಸಿದ್ದು ಇವನು. ಇನ್ನೂ ಏನೇನು ಗೊತ್ತಿಲ್ವೋ."

"ಒಂದು ಗೊತ್ತಿಲ್ಲ," ಎಂದಳು ಗುಬ್ಬಿ. ಕಣ್ಣೀರು ಸರಿಯಾಗಿ ಮಚ್ಚೆಯ ಮೇಲೇ ಇಳಿಯುತ್ತಿತ್ತು. "ಕೋಪ ಬಂದ್ರೆ ಅದು ಇನ್ನೂ ಕೆಂಪಾಗುತ್ತೆ. ಚಿಕ್ಕಮ್ಮ ಅದನ್ನ ನೋಡ್ಕೊಂಡೇ ಹುಷಾರಾಗ್ತಾರೆ."

ಅವನಿಗೆ ನಿಜವಾಗಿ ಗಾಬರಿಯಾಯಿತು. "ಹಾಗಾದ್ರೆ ನನ್ನ ಗತಿ? ನೀವು ಕೋಪದಲ್ಲಿದೀರಿ ಅಂತ ನಂಗೆ ಯಾರು ಹೇಳ್ತಾರೆ?"

"ನಾನೇ ಹೇಳ್ತೀನಿ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ. ಬಾಯಿ ಇದೆಯಲ್ಲ."

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಚಿಕ್ಕಮ್ಮ ಕೂಗಿದಳು: ಯಾರೋ ಕೂಸಿನ ಪಾಸ್‌ಪೋರ್ಟ್ ಫೋಟೊಗೆ ಬಂದಿದ್ದಾರೆ, ಕೂಸು ಕುತ್ತಿಗೆ ನಿಲ್ಲಿಸುತ್ತಿಲ್ಲ, ಇಬ್ಬರೂ ಬರಬೇಕು. ಅವನು ಕೂಸಿನ ಹಿಂದೆ ಬಿಳಿ ಬಟ್ಟೆ ಹಿಡಿದು ಮಂಡಿಯೂರಿದ. ಗುಬ್ಬಿ ಕ್ಯಾಮೆರಾದ ಪಕ್ಕದಿಂದ ಮುಖ ಮುಂದೆ ಮಾಡಿ ಚಿಟಿಕೆ ಹೊಡೆದಳು. ಕೂಸು ಅತ್ತಿತ್ತ ತೂಗುತ್ತಿದ್ದ ತಲೆಯನ್ನು ನಿಲ್ಲಿಸಿ ಅವಳನ್ನೇ ದಿಟ್ಟಿಸಿತು. ಕ್ಲಿಕ್ಕಾಗುವ ಗಳಿಗೆಗೆ ಸರಿಯಾಗಿ, ಬಿಳಿ ಬಟ್ಟೆಯ ಹಿಂದಿದ್ದವನು ಸೀನಿಬಿಟ್ಟ.